ಗೋಡೆ ಕೊರೆದದ್ದಕ್ಕೆ ರೇಟು

ಮೂರು ಬಚ್ಚಲುಮನೆ ಇರುವ ಆ ಹೊಸ ಮನೆಯಲ್ಲಿ ಉಳಿಯಕ್ಕನಿಗೆ ಒಂದಕ್ಕೆ ಹೋಗಲು ಜಾಗವಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಬಂದವಳು. ಈಗ ಮಧ್ಯಾಹ್ನ ಎರಡು. ಮೂರೂ ಬಚ್ಚಲಲ್ಲಿ ಗೀಜರ್ ಎಲ್ಲಿ ಬರಬೇಕು, ಲೈಟು ಎಲ್ಲಿ, ಒದ್ದೆ ಕೈ ತಾಗದ ಹಾಗೆ ಸ್ವಿಚ್ಚು ಎಷ್ಟು ದೂರ ಇರಬೇಕು, ಎಲ್ಲವನ್ನೂ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಳು. ಆದರೆ ಅವು ಇನ್ನೂ ಬರೀ ಇಟ್ಟಿಗೆ ಗೋಡೆಗಳು. ಬಾಗಿಲಿಲ್ಲ, ನೀರಿಲ್ಲ, ನೀರು ಹೋಗುವ ತೂತೂ ಇಲ್ಲ. ಮನೆ ಕಟ್ಟಿಸುತ್ತಿದ್ದ ಯಜಮಾನರು ಪಕ್ಕದ ಹಳೇ ಮನೆಯಲ್ಲೇ ಇದ್ದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ನಿವೃತ್ತರಾದ ಮೇಲೂ ಎಲ್ಲರಿಗೂ ಅವರು ಮ್ಯಾನೇಜರೇ. ಉಳಿಯಕ್ಕ ತಡೆಯಲಾಗದೆ ಹೋಗಿ ಅವರ ಹೆಂಡತಿಯನ್ನು ಕೇಳಿದಳು.

"ಅಮ್ಮಾವ್ರೇ, ಸ್ವಲ್ಪ ಬಚ್ಚಲಿಗೆ ಹೋಗ್ಬೇಕಿತ್ತು."

ಅಮ್ಮಾವ್ರು ಅವಳನ್ನು ಕಾಲಿಂದ ತಲೆಯವರೆಗೆ ನೋಡಿದರು. ಕಾಲು ನೋಡಿದ್ದೇ ಜಾಸ್ತಿ ಹೊತ್ತು.

"ಈಗಷ್ಟೇ ತೊಳೆಸಿದ್ದೀನಮ್ಮಾ. ಆ ಕಡೆ ಖಾಲಿ ಸೈಟಿದೆಯಲ್ಲ, ಅಲ್ಲಿ ಪೊದೆ ಇದೆ. ಕೆಲಸದೋರೆಲ್ಲ ಅಲ್ಲಿಗೇ ಹೋಗೋದು."

ಕೆಲಸದೋರೆಲ್ಲ ಅಂದರೆ ಗಂಡಸರು. ಪೊದೆ ಅಂದರೆ ಮೊಣಕಾಲೆತ್ತರದ ಹುಲ್ಲು. ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೆಲ್ಲ ಕಾಣುವ ಜಾಗ. ಉಳಿಯಕ್ಕ "ಆಯ್ತು ಅಮ್ಮಾವ್ರೇ" ಅಂದು ವಾಪಸ್ಸು ಬಂದಳು. ಹಲ್ಲು ಕಚ್ಚಿಕೊಂಡು ಸಂಜೆಯವರೆಗೆ ಮಹಡಿಯ ಕೋಣೆಗಳಿಗೆ ಗೆರೆ ಎಳೆದಳು.

ಅವಳ ನಿಜವಾದ ಹೆಸರು ವೈರಿಂಗ್ ಲೈಸೆನ್ಸ್ ಕಾರ್ಡಿನ ಮೇಲೆ ಮಾತ್ರ ಇತ್ತು. ಹದಿನೆಂಟು ವರ್ಷ ಉಳಿ ಸುತ್ತಿಗೆ ಹಿಡಿದು ಕಂಡವರ ಮನೆಯ ಗೋಡೆ ಕೊರೆದದ್ದಕ್ಕೆ ಉಳಿಯಕ್ಕ ಎನ್ನುವ ಹೆಸರು ಬಿತ್ತು, ಅಂಟಿಕೊಂಡಿತು. ಮನೆಗಳ ಕರೆಂಟು ಕೆಲಸದಲ್ಲಿ ಎರಡು ತರದ ಜನ. ವೈರು ಎಳೆಯುವವರು ಒಂದು ತರ, ವೈರು ಹೋಗಲು ಗೋಡೆ ಕೊರೆಯುವವರು ಇನ್ನೊಂದು. ವೈರು ಎಳೆಯುವವರನ್ನು ಮನೆಯವರು ಒಳಗೆ ಕರೆದು ಕುರ್ಚಿ ಹಾಕಿ ಟೀ ಕೊಡುತ್ತಾರೆ. ಕೊರೆಯುವವರಿಗೆ ಟೀ ಬಂದರೂ ಹಿಡಿ ಮುರಿದ ಕಪ್ಪಿನಲ್ಲಿ, ಅದೂ ಮೆಟ್ಟಿಲ ಹೊರಗೆ. ಕೊರೆಯುವವರೆಲ್ಲ ಒಂದೇ ಓಣಿಯವರು, ದೊಡ್ಡ ಚರಂಡಿಯ ಆಚೆ ಇರುವ ಓಣಿ. ಆ ಓಣಿಯವರು ವೈರು ಮುಟ್ಟಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಆದರೂ ಇವತ್ತಿನವರೆಗೆ ಒಬ್ಬರೂ ಮುಟ್ಟಿರಲಿಲ್ಲ.

ಉಳಿಯಕ್ಕ ಕೊರೆಯುತ್ತಲೇ ಕಣ್ಣಲ್ಲಿ ಕೆಲಸ ಕಲಿತಳು. ವೈರ್‌ಮನ್ ಮೇಲೆ ಸ್ಟೂಲಿನ ಮೇಲೆ ನಿಂತು ಏನು ಮಾಡುತ್ತಾನೆಂದು ಕೆಳಗೆ ಕೂತು ನೋಡಿದಳು. ರಾತ್ರಿ ಶಾಲೆಗೆ ಹೋಗಿ ಓದಿದಳು. ಪರೀಕ್ಷೆಗೆ ಕೂತಳು. ಮೊದಲ ಸಲ ಪರೀಕ್ಷೆ ಮಾಡುವ ಅಧಿಕಾರಿ ತಲೆ ಎತ್ತಿ, "ಯಾರ ಜೊತೆಗೆ ಬಂದಿದ್ದೀಯಮ್ಮಾ? ಹೊರಗೆ ಕೂತ್ಕೋ" ಎಂದ. ಆ ಸಲ ಫೇಲು. ಎರಡನೇ ಸಲ ಪಾಸು. ಓಣಿಯಲ್ಲಿ ಲೈಸೆನ್ಸ್ ತೆಗೆದುಕೊಂಡ ಮೊದಲಿಗಳು.

ಹದಿನೆಂಟು ವರ್ಷ ಅವಳನ್ನು ದುಡಿಸಿಕೊಂಡ ಮೇಸ್ತ್ರಿಗೆ ಕಾರ್ಡು ತೋರಿಸಿದಾಗ ಅವನು ನಕ್ಕ.

"ಒಳ್ಳೇದಾಯ್ತು. ಇದಕ್ಕೊಂದು ಕಟ್ಟು ಹಾಕ್ಸಿ ಗೋಡೆಗೆ ತೂಗಾಕ್ಕೋ. ಗೋಡೆಗೆ ತೂತು ಹೊಡೆಯೋದನ್ನ ನಿಂಗ್ಯಾರೂ ಹೇಳ್ಕೊಡ್ಬೇಕಾಗಿಲ್ಲ." ಆಮೇಲೆ ನಗು ನಿಲ್ಲಿಸಿ, "ಹೋಗೋದಾದ್ರೆ ಹೋಗು. ಮತ್ತೆ ಬಂದ್ರೆ ಕೊರೆಯೋ ಕೆಲಸನೂ ಇಲ್ಲ, ಕಸ ಹೊರೋದೊಂದೇ" ಎಂದ.

ಕಾರ್ಡಿಗೊಂದು ಶರತ್ತಿತ್ತು. ವರ್ಷದೊಳಗೆ ಒಂದು ಮನೆಯನ್ನಾದರೂ ಪೂರ್ತಿ ವೈರಿಂಗ್ ಮಾಡಿ ಮುಗಿಸಿದ ಪತ್ರ ಕೊಡಬೇಕು. ಇಲ್ಲದಿದ್ದರೆ ಕಾರ್ಡು ರದ್ದು. ಹತ್ತು ತಿಂಗಳು ಕಳೆದಿದ್ದವು. ಹತ್ತು ತಿಂಗಳಲ್ಲಿ ಅವಳನ್ನು ಕರೆದವರೆಲ್ಲ ಕೇಳಿದ್ದು ಒಂದೇ ಮಾತು: "ನೀನು ಕೊರೀತೀಯ, ಸರಿ. ವೈರು ಎಳೆಯೋರು ಯಾರು ಬರ್ತಾರೆ?" ಹನ್ನೊಂದನೇ ತಿಂಗಳಲ್ಲಿ ಮ್ಯಾನೇಜರ್ ಕರೆದರು. ಇದು ಹೋದರೆ ಇನ್ನೊಂದು ಮನೆ ಹುಡುಕಿ ಮುಗಿಸುವಷ್ಟು ದಿನ ಉಳಿದಿರಲಿಲ್ಲ.

ಈಗ ರೇಟಿನ ವಿಷಯ ಹೇಳಬೇಕು. ಇಡೀ ರಾಮಾಯಣ ಶುರುವಾದದ್ದು ಅಲ್ಲಿಂದಲೇ.

ಮನೆ ವೈರಿಂಗಿಗೆ ಎಲ್ಲ ಕಂಟ್ರಾಕ್ಟರುಗಳು ರೇಟು ಹಾಕುವುದು ಪಾಯಿಂಟ್ ಲೆಕ್ಕದಲ್ಲಿ. ಲೈಟಿಗೊಂದು ಪಾಯಿಂಟು, ಫ್ಯಾನಿಗೊಂದು, ಪ್ಲಗ್ಗಿಗೊಂದು. ಕಂಟ್ರಾಕ್ಟರು ಬಾಗಿಲಲ್ಲಿ ನಿಂತು ಬೆರಳಲ್ಲಿ ಎಣಿಸುತ್ತಾನೆ, ಪಾಯಿಂಟಿಗೆ ಇಷ್ಟು ಅಂತ ಗುಣಿಸುತ್ತಾನೆ, ಹತ್ತು ನಿಮಿಷದಲ್ಲಿ ರೇಟು ರೆಡಿ. ಲೈಟಿಗೂ ಸ್ವಿಚ್ಚಿಗೂ ನಡುವೆ ಗೋಡೆ ಇದೆ. ಅದನ್ನು ಕೊರೆದವರು ಯಾರು? ಎಷ್ಟು ಅಡಿ ಕೊರೆದರು? ಆ ಲೆಕ್ಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ಗೋಡೆಯೇ ಬಾಯಿ ಬಿಟ್ಟು ವೈರು ಹೋಗುವ ಪೈಪನ್ನು ನುಂಗಿತು ಅಂದುಕೊಳ್ಳಬೇಕು.

ಗೋಡೆ ಬಾಯಿ ಬಿಡುವುದಿಲ್ಲ ಸ್ವಾಮಿ. ಬಿಡಿಸಬೇಕು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ, ಸೂರಿನ ಹತ್ತಿರ ಕೊರೆಯುವಾಗ ಕತ್ತು ಹಿಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಹೊಡೆಯಬೇಕು. ಪುಡಿ ಕಣ್ಣಿಗೆ, ಮೂಗಿಗೆ, ಒಳಬಟ್ಟೆಯೊಳಕ್ಕೆ. ದಿನಕ್ಕೆ ನಾಲ್ಕು ಸಲವಾದರೂ ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬೀಳುತ್ತದೆ. ಸಂಜೆ ಊಟಕ್ಕೆ ಕೂತರೆ ಕೈ ನಡುಗಿ ತುತ್ತು ಬಾಯಿಗೆ ಹೋಗುವುದಿಲ್ಲ. ಉಗಿದರೆ ಕೆಂಪಗೆ ಇಟ್ಟಿಗೆ ಪುಡಿ. ಇಷ್ಟು ಮಾಡಿದವಳ ಕೂಲಿ ಎಷ್ಟೆಂದು ಮನೆ ಕಟ್ಟಿಸಿದವನಿಗೆ ಗೊತ್ತೇ ಇರುವುದಿಲ್ಲ, ಯಾಕೆಂದರೆ ಅವನ ಕೈಗೆ ಬರುವ ಚೀಟಿಯಲ್ಲಿ ಅದಿಲ್ಲ.

ಉಳಿಯಕ್ಕ ತನ್ನ ಚೀಟಿಯಲ್ಲಿ ಅದನ್ನು ಹಾಕಬೇಕೆಂದಿದ್ದಳು. ಪಾಯಿಂಟಿಗೆ ಒಂದು ಸಾಲು. ಗೋಡೆ ಕೊರೆಯುವುದಕ್ಕೆ ಬೇರೆಯೇ ಒಂದು ಸಾಲು, ಅಡಿಗೆ ಇಷ್ಟು ಅಂತ.

ಅಡಿ ಲೆಕ್ಕ ಬರೆಯಬೇಕಾದರೆ ಅಳೆಯಬೇಕು. ಅಳೆಯಬೇಕಾದರೆ ಪೈಪು ಯಾವ ದಾರಿಯಲ್ಲಿ ಹೋಗುತ್ತದೆಂದು ಗೋಡೆಯ ಮೇಲೆ ಎಳೆದು ನೋಡಬೇಕು. ಅದಕ್ಕೇ ಅವಳು ಎರಡು ದಿನ ಕೂತು ಮನೆಯಿಡೀ ಗೆರೆ ಎಳೆದಳು. ಎಂಟುನೂರು ಅಡಿ ಆಗುವುದನ್ನು ತಿರುಗಿಸಿ ಮುರುಗಿಸಿ ಆರುನೂರ ಇಪ್ಪತ್ತಕ್ಕೆ ಇಳಿಸಿದಳು. ನಲ್ಲಿ ಕೆಲಸದವನನ್ನು ಹುಡುಕಿ ಹೋಗಿ, ಅವನು ಗೋಡೆಯೊಳಗೆ ಎಲ್ಲೆಲ್ಲಿ ನೀರಿನ ಪೈಪು ಹೂತಿದ್ದಾನೆಂದು ಕೇಳಿ, ಅಲ್ಲೆಲ್ಲ ಕೆಂಪು ಸೀಮೆಸುಣ್ಣದಲ್ಲಿ ಕ್ರಾಸ್ ಹಾಕಿದಳು. ಇಲ್ಲಿ ಉಳಿ ಇಡಬೇಡ ಎಂದು ಅರ್ಥ. ನೀರಿನ ಪೈಪು ಒಡೆದರೆ ಮೇಸ್ತ್ರಿಗಳು ಅದರ ಖರ್ಚು ಹಿಡಿಯುವುದು ಕೊರೆಯುವವಳ ಕೂಲಿಯಲ್ಲಿ. ಅವಳ ಕೂಲಿಯಲ್ಲೂ ಎಷ್ಟೋ ಸಲ ಹಿಡಿದಿದ್ದರು.

ಪಳಗಿದ ಕಂಟ್ರಾಕ್ಟರು ಯಾರೂ ಹೀಗೆ ಮಾಡುವುದಿಲ್ಲ. ರೇಟು ಕುದುರಿ, ಅಡ್ವಾನ್ಸು ಕೈಗೆ ಬಂದ ಮೇಲೇ ಸೀಮೆಸುಣ್ಣ ಕೈಗೆತ್ತಿಕೊಳ್ಳುವುದು. ಉಳಿಯಕ್ಕನಿಗೆ ಕೊರೆಯುವುದು ಗೊತ್ತಿತ್ತು, ವೈರು ಎಳೆಯುವುದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಮಾರನೆಯ ದಿನ ತನ್ನ ಮನೆಯ ಹೊಸ್ತಿಲ ಬಳಿ ಕೂತು ಚೀಟಿ ಬರೆದಳು. ಗಂಡ ಲಾರಿಯ ಮೇಲೆ ಹೋದವನು ತಿಂಗಳಿಗೊಮ್ಮೆ ಬರುವವನು. ಮನೆಯಲ್ಲಿ ಅತ್ತೆ ಮತ್ತು ನಾದಿನಿ. ನಾದಿನಿಯೂ ಕೊರೆಯುವವಳೇ, ಹತ್ತು ವರ್ಷದಿಂದ.

"ಎಂಬತ್ನಾಲ್ಕು ಪಾಯಿಂಟು, ಪಾಯಿಂಟಿಗೆ ಮುನ್ನೂರು" ಎಂದು ಉಳಿಯಕ್ಕ ಜೋರಾಗಿ ಓದುತ್ತ ಬರೆದಳು. "ಗೋಡೆ ಕೊರೆಯೋದು ಆರುನೂರ ಇಪ್ಪತ್ತು ಅಡಿ, ಅಡಿಗೆ ಇಪ್ಪತ್ತು."

"ಅಡಿಗೆ ಇಪ್ಪತ್ತಂದ್ರೆ ದಿನಕ್ಕೆಷ್ಟು ಬೀಳುತ್ತೆ ಅತ್ತಿಗೆ?" ಎಂದಳು ನಾದಿನಿ.

"ನೀನು ದಿನಕ್ಕೆ ಮೂವತ್ತೈದು ಅಡಿ ಕೊರೀತೀಯ. ಏಳ್ನೂರು."

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏಳ್ನೂರಾ! ಮೇಸ್ತ್ರಿ ಇನ್ನೂರೈವತ್ತು ಎಣಿಸಿ ಕೊಡೋಷ್ಟರಲ್ಲೇ ಅವನ ಜೀವ ಅರ್ಧ ಹೋಗಿರುತ್ತೆ."

"ಆ ಇನ್ನೂರೈವತ್ತನ್ನ ಮೂವತ್ತೈದಕ್ಕೆ ಭಾಗಿಸು. ಅಡಿಗೆ ಏಳು ಬೀಳುತ್ತೆ."

ನಾದಿನಿಯ ನಗು ನಿಂತಿತು. "ಏಳಾ?" ಎಂದಳು. ಬೆರಳಲ್ಲಿ ಏನೋ ಲೆಕ್ಕ ಹಾಕಿದಳು. "ಒಂದು ಅಡಿ ಕೊರೆದ್ರೆ ಏಳು. ಥೂ, ಯಾರೂ ಹೇಳೇ ಇರ್ಲಿಲ್ಲ ನೋಡು."

ಒಳಗಿನಿಂದ ಅತ್ತೆ ಕೂಗಿದಳು. "ನಿಮ್ಮಾವ ನಲವತ್ತು ವರ್ಷ ಕೊರೆದ ಕಣೇ. ಅಡಿ ಲೆಕ್ಕ ಹಾಕಿದ್ರೆ ಇಷ್ಟೊತ್ತಿಗೆ ನಾನು ಮ್ಯಾನೇಜರ ಹೆಂಡ್ತಿ ಹಂಗೆ ಇರ್ತಿದ್ದೆ. ಬಿಟ್ಟು ಹೋಗಿದ್ದು ಒಂದು ಉಳಿ, ಆ ಉಳೀನೂ ಮೊಂಡು."

"ನೀವು ಹೇಗಿದ್ರೂ ಮ್ಯಾನೇಜರೇ ಅತ್ತೆ" ಎಂದಳು ಉಳಿಯಕ್ಕ. ಚೀಟಿಯನ್ನು ಎರಡು ಸಲ ಶುದ್ಧವಾಗಿ ಬರೆದು, ಕೆಳಗೆ ಲೈಸೆನ್ಸ್ ನಂಬರು ಹಾಕಿ ಸಹಿ ಮಾಡಿದಳು. ತನ್ನ ಹೆಸರನ್ನು ಮಿಕ್ಕ ಅಕ್ಷರಗಳಿಗಿಂತ ದೊಡ್ಡದಾಗಿ ಬರೆದಳು. ಖುಷಿಗೆ.

ಮ್ಯಾನೇಜರ್ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಉಳಿಯಕ್ಕ ಮೆಟ್ಟಿಲ ಕೆಳಗೆ ನಿಂತಳು. ಅವರು ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. ಮೊದಲ ಸಾಲಿಗೆ ತಲೆಯಾಡಿಸಿದರು. ಎರಡನೇ ಸಾಲಿಗೆ ಹುಬ್ಬು ಮೇಲೆ ಹೋಯಿತು.

"ಇದೇನಮ್ಮಾ? ಗೋಡೆ ಕೊರೆಯೋಕೂ ದುಡ್ಡಾ?"

"ಹೌದು ಸಾರ್. ಅಳತೆ ಹಾಕಿದ್ದೀನಿ. ನೀವೇ ಟೇಪು ಹಿಡಿದು ನೋಡ್ಬಹುದು."

"ನನ್ನ ಜೀವಮಾನದಲ್ಲಿ ಇಂಥದ್ದು ಕೇಳಿಲ್ಲ. ಪಾಯಿಂಟಲ್ಲೇ ಎಲ್ಲಾ ಬರುತ್ತೆ. ನಾಳೆ ಉಸಿರಾಡೋ ಗಾಳಿಗೂ ಕೇಳ್ತೀಯಾ?"

"ಗಾಳಿ ತಾನಾಗೇ ಬರುತ್ತೆ ಸಾರ್. ಗೋಡೆ ತಾನಾಗೇ ಕೊರ್ಕೊಳ್ಳಲ್ಲ."

ಮ್ಯಾನೇಜರಿಗೆ ಈ ಮಾತು ಹಿಡಿಸಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮಾ, ಬಾಯ್ಬಿಟ್ಟು ಹೇಳ್ತೀನಿ. ನಿಮ್ಮ ಓಣಿಯವಳು, ಕಡಿಮೆಗೆ ಆಗುತ್ತೆ ಅಂತಾನೇ ನಿನ್ನ ಕರೆಸಿದ್ದು. ನೀನು ನೋಡಿದ್ರೆ ಆಕಾಶಕ್ಕೇ ಏಣಿ ಹಾಕ್ತಿದ್ದೀಯ."

ಮೈ ಉರಿದುಹೋಯಿತು. ಆದರೂ ಉಳಿಯಕ್ಕ ಪಾಯಿಂಟನ್ನು ಇನ್ನೂರ ಎಂಬತ್ತಕ್ಕೆ ಇಳಿಸಿದಳು. ನಾಳೆ ಬಾ ಎಂದರು. ನಾಳೆ ಹೋದರೆ ಅವರಿಗೆ ನಿದ್ದೆಯ ಹೊತ್ತು. ಮೆಟ್ಟಿಲ ಮೇಲೆ ಎರಡು ಗಂಟೆ ಕೂತಳು. ಅಮ್ಮಾವ್ರು ಹಿಡಿ ಮುರಿದ ಕಪ್ಪಿನಲ್ಲಿ ಟೀ ತಂದು ಅವಳ ಕೈಗೆ ಕೊಡದೆ ನೆಲದ ಮೇಲಿಟ್ಟರು. ಕಂಟ್ರಾಕ್ಟರ್ ಆದರೂ ಕಪ್ಪು ಅದೇ. ಎದ್ದು ಬಂದ ಮ್ಯಾನೇಜರಿಗೆ ಇನ್ನೂರ ಅರವತ್ತು ಅಂದಳು. ಮತ್ತೆ ನಾಳೆ ಬಾ. ಮೂರನೇ ದಿನ ಮ್ಯಾನೇಜರ್ ಕ್ಯಾಲ್ಕುಲೇಟರ್ ಹಿಡಿದುಕೊಂಡೇ ಬಂದರು.

"ಕೊನೇ ಮಾತು. ಪಾಯಿಂಟಿಗೆ ಮುನ್ನೂರ ಇಪ್ಪತ್ತು ಕೊಡ್ತೀನಿ. ನೀನು ಕೇಳಿದ್ದಕ್ಕಿಂತ ಜಾಸ್ತಿ. ಆ ಕೊರೆಯೋ ಸಾಲು ತೆಗೆದುಬಿಡು."

ಉಳಿಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಟ್ಟು ಇಪ್ಪತ್ತಾರು ಸಾವಿರದ ಎಂಟುನೂರ ಎಂಬತ್ತು. ಆಗುತ್ತದೆ. ಒಪ್ಪಿಕೊಂಡರೆ ಕಾರ್ಡು ಉಳಿಯುತ್ತದೆ. ಕೊರೆಯುವವರಿಗೆ ದಿನಕ್ಕೆ ಇನ್ನೂರೈವತ್ತೇ ಕೊಟ್ಟರೆ ಕೈಯಲ್ಲಿ ಲಾಭವೂ ಉಳಿಯುತ್ತದೆ. ನಾದಿನಿ ಬೇಡ ಅನ್ನುವುದಿಲ್ಲ. ಓಣಿಯ ಯಾರೂ ಬೇಡ ಅನ್ನುವುದಿಲ್ಲ. ಮೇಸ್ತ್ರಿಯೂ ಹೀಗೇ ಒಂದು ದಿನ ಒಂದು ಜಗಲಿಯ ಮುಂದೆ ನಿಂತು ಲೆಕ್ಕ ಹಾಕಿರಬೇಕು. ಈ ಯೋಚನೆ ಬಂದದ್ದೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಪಾಯಿಂಟನ್ನ ಇನ್ನೂ ಇಳಿಸ್ತೀನಿ ಸಾರ್. ಇನ್ನೂರ ನಲವತ್ತು ಮಾಡ್ಕೊಳ್ಳಿ. ಆ ಸಾಲು ಮಾತ್ರ ಇರ್ಲಿ."

"ಅಲ್ಲಮ್ಮಾ, ನಿಂಗೇನು ತಲೆ ಕೆಟ್ಟಿದೆಯಾ? ಯಾವ ಸಾಲಲ್ಲಿ ಬಂದ್ರೇನು, ದುಡ್ಡು ದುಡ್ಡೇ ತಾನೇ?"

"ಸಾಲು ಇಲ್ದಿದ್ರೆ ಕೊರೆಯೋರ ದುಡ್ಡು ಕಾಣ್ಸಲ್ಲ ಸಾರ್. ಕಾಣ್ಸದೇ ಇರೋದನ್ನೇ ಎಲ್ರೂ ಮೊದ್ಲು ಕತ್ತರಿಸೋದು. ಬೇರೆಯವರು ಯಾಕೆ, ನಾನೇ ಕತ್ತರಿಸ್ಬಿಡ್ತೀನಿ."

ಮ್ಯಾನೇಜರ್ ಚೀಟಿಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡರು. "ಫೋನ್ ಮಾಡ್ತೀನಿ" ಎಂದರು.

ಒಂದು ವಾರ ಫೋನು ಬರಲಿಲ್ಲ. ಉಳಿಯಕ್ಕ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಾಗಿಲ ಹೊರಗೆ ಅತ್ತೆಯ ಕೈಯಲ್ಲಿ ಕೊಟ್ಟು ಹೋಗುತ್ತಿದ್ದಳು. ನಾದಿನಿ ಎರಡು ದಿನದಿಂದ ಬೆಳಗ್ಗೆ ಬೇಗ ಹೊರಡುತ್ತಿದ್ದಳು. ಎಲ್ಲಿಗೆ ಎಂದರೆ, ಗೋಡೌನಿನಲ್ಲಿ ಡಬ್ಬ ಕಟ್ಟುವ ಕೆಲಸ ಎನ್ನುತ್ತಿದ್ದಳು. ಎಂಟನೇ ದಿನ ಉಳಿಯಕ್ಕ ತಡೆಯಲಾರದೆ ತಾನೇ ಹೊರಟಳು. ಬೇಡ ಅಂದರೆ ಬೇಡ ಅನ್ನಲಿ, ಬಾಯಲ್ಲಿ ಹೇಳಲಿ ಎಂದುಕೊಂಡು.

ರಸ್ತೆಯ ತಿರುವಿನಲ್ಲೇ ಸದ್ದು ಕೇಳಿತು. ಉಳಿಯ ಮೇಲೆ ಸುತ್ತಿಗೆ ಬೀಳುವ ಸದ್ದು. ಒಂದಲ್ಲ, ಐದಾರು. ಹದಿನೆಂಟು ವರ್ಷ ಕೇಳಿದ ಸದ್ದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಡುತ್ತಲೇ ಒಳಗೆ ಹೋದಳು.

ನಡುಮನೆಯ ತುಂಬ ಕೆಂಪು ಧೂಳು. ಓಣಿಯ ಆರು ಹೆಂಗಸರು ಗೋಡೆಗೆ ಮುಖ ಹಾಕಿ ಕೊರೆಯುತ್ತಿದ್ದರು. ಕೊರೆಯುತ್ತಿದ್ದದ್ದು ಅವಳು ಎಳೆದ ಗೆರೆಯ ಮೇಲೇ. ಒಂದಂಗುಲ ಆಚೆಯಿಲ್ಲ, ಈಚೆಯಿಲ್ಲ. ಅಲ್ಲಲ್ಲಿ ಅವಳ ಕೈಬರಹ ಇನ್ನೂ ಹಾಗೇ ಇತ್ತು. ಹನ್ನೊಂದು ಅಡಿ. ಎಂಟೂವರೆ ಅಡಿ. ಮೂಲೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೊರೆಯುತ್ತಿದ್ದವಳು ತಿರುಗಿದಳು. ನಾದಿನಿ.

"ಅತ್ತಿಗೆ." ಸುತ್ತಿಗೆ ಹಿಡಿದ ಕೈ ಅಲ್ಲೇ ನಿಂತಿತು. "ಗ್ಯಾಸ್ ಮುಗಿದು ಎಷ್ಟು ದಿನ ಆಯ್ತು ಗೊತ್ತಲ್ಲ. ಮೇಸ್ತ್ರಿ ಕರೆದ, ಬಂದೆ. ಯಾವ ಮನೆ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು. ಗೆರೆ ನೋಡಿದ್ ಕೂಡ್ಲೇ ನಿಂದೇ ಅಂತ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಉಳಿಯಕ್ಕನಿಗೆ ಕೆನ್ನೆಗೆ ಎರಡು ಬಾರಿಸಬೇಕೆನಿಸಿತು. ಕೈ ಎತ್ತಿದಳು ಕೂಡ. ಆಮೇಲೆ ನಾದಿನಿಯ ಹೆಬ್ಬೆರಳು ಕಣ್ಣಿಗೆ ಬಿತ್ತು. ಉಗುರು ಕಪ್ಪಾಗಿ ಊದಿಕೊಂಡಿತ್ತು. ಎತ್ತಿದ ಕೈ ಇಳಿಯಿತು. ಸಿಟ್ಟು ಇಳಿಯಲಿಲ್ಲ.

ಮೇಸ್ತ್ರಿ ಮಹಡಿ ಮೆಟ್ಟಿಲಿಳಿದು ಬಂದ. "ಓಹೋ, ಲೈಸೆನ್ಸ್ ಬಂತು, ದಾರಿ ಬಿಡ್ರಪ್ಪಾ!" ಎಂದ. "ಗೆರೆ ಮಾತ್ರ ಭಾರೀ ಚೆನ್ನಾಗಿ ಹಾಕಿದ್ದೀಯಮ್ಮಾ. ಕಣ್ಣು ಮುಚ್ಚಿ ಕೊರೀಬಹುದು. ನಮ್ಮ ವೈರ್‌ಮನ್‌ಗೆ ಎರಡು ದಿನದ ತಲೆನೋವು ತಪ್ಪಿಸಿದೆ."

ಸದ್ದು ನಿಂತದ್ದು ಯಾಕೆಂದು ನೋಡಲು ಮ್ಯಾನೇಜರ್ ಬಂದರು. ಹಿಂದೆಯೇ ಅಮ್ಮಾವ್ರು, ಮೂಗಿಗೆ ಬಟ್ಟೆ ಹಿಡಿದುಕೊಂಡು.

"ಏನಿಲ್ಲಮ್ಮಾ, ರೇಟು ಹೊಂದ್ಲಿಲ್ಲ. ಇವರು ಎಲ್ಲಾ ಸೇರಿ ಮುನ್ನೂರಿಪ್ಪತ್ತಕ್ಕೆ ಒಪ್ಪಿದ್ರು, ಕೊಟ್ಟೆ" ಎಂದರು ಮ್ಯಾನೇಜರ್.

"ರೇಟು ಹೊಂದ್ಲಿಲ್ಲ, ಸರಿ ಸಾರ್. ನನ್ನ ಗೆರೆ ಹೊಂದ್ತಾ?"

"ಗೋಡೆ ನನ್ನದಮ್ಮಾ. ಗೋಡೆ ಮೇಲೆ ಇರೋದೂ ನನ್ನದೇ."

"ಎರಡು ದಿನ ಕೂತು ಹಾಕಿದ್ದೀನಿ. ಎಂಟುನೂರು ಅಡಿ ಆಗೋದನ್ನ ಆರುನೂರಿಪ್ಪತ್ತಕ್ಕೆ ಇಳಿಸಿದ್ದೀನಿ. ಅದನ್ನ ಇಟ್ಕೊಳ್ಳೋದಾದ್ರೆ ಅದಕ್ಕೆ ದುಡ್ಡು ಕೊಡಿ."

ಮ್ಯಾನೇಜರ್ ಮೇಸ್ತ್ರಿಯ ಮುಖ ನೋಡಿ ನಕ್ಕರು. "ಕೇಳಿದ್ರಾ? ಮೊದ್ಲು ಕೊರೆಯೋಕೆ ದುಡ್ಡು. ಈಗ ಗೆರೆಗೆ ದುಡ್ಡು. ನಾಳೆ ಸುಮ್ನೆ ನಿಂತು ನೋಡಿದ್ದಕ್ಕೂ ಕೇಳ್ತಾಳೆ."

"ನೀವು ಬ್ಯಾಂಕಲ್ಲಿ ಸುಮ್ನೆ ಕೂತು ನೋಡಿದ್ದಕ್ಕೇ ಅಲ್ವಾ ಸಾರ್ ಸಂಬಳ ತಗೊಂಡಿದ್ದು?"

ಕೊರೆಯುವ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರ ಮುಖ ಕೆಂಪಾಯಿತು.

"ನೋಡಿದ್ರಾ?" ಎಂದರು ಅಮ್ಮಾವ್ರು ಗಂಡನಿಗೆ. "ಇಂಥೋರಿಗೆ ಸಲುಗೆ ಕೊಟ್ರೆ ಇಷ್ಟೇ. ಟೀ ಬೇರೆ ಕೊಟ್ಟೆ ನಾನು."

ಮೇಸ್ತ್ರಿ ಹತ್ತಿರ ಬಂದು ಸ್ವರ ತಗ್ಗಿಸಿದ. "ಸುಮ್ನೆ ಯಾಕೆ ಬಾಲ ಬಿಚ್ತೀಯ? ನಿನ್ನ ಗೆರೆ ಅಂತ ಎಲ್ಲಾದ್ರೂ ಹೆಸರು ಬರೆದಿದ್ದೀಯಾ? ಮನೆಗೆ ಹೋಗು. ಹಸಿವಾದಾಗ ಬಾ, ಕಸ ಹೊರೋದಿರುತ್ತೆ."

ಉಳಿಯಕ್ಕ ಸುತ್ತ ನೋಡಿದಳು. ಇಟ್ಟಿಗೆಗೆ ನೀರುಣಿಸಲು ಇಟ್ಟಿದ್ದ ಡ್ರಮ್ಮು ಬಾಗಿಲ ಪಕ್ಕದಲ್ಲಿತ್ತು. ಅದರ ಅಂಚಿಗೆ ಒದ್ದೆ ಗೋಣಿಚೀಲ ಜೋತು ಬಿದ್ದಿತ್ತು. ಅವಳು ಗೋಣಿಯನ್ನು ಡ್ರಮ್ಮಿನಲ್ಲಿ ಅದ್ದಿ ಎಳೆದುಕೊಂಡಳು. ಇನ್ನೂ ಕೊರೆಯದ ಗೋಡೆಯ ಹತ್ತಿರ ಹೋಗಿ ಮೇಲಿಂದ ಕೆಳಕ್ಕೆ ಒಂದೇ ಎಳೆತ ಎಳೆದಳು. ಹನ್ನೊಂದು ಅಡಿ ಹೋಯಿತು. ಇನ್ನೊಂದು ಎಳೆತ. ಎಂಟೂವರೆ ಹೋಯಿತು.

"ಏಯ್! ಏನೇ ಮಾಡ್ತಿದ್ದೀಯ?" ಮೇಸ್ತ್ರಿ ಅವಳ ತೋಳಿಗೆ ಕೈ ಹಾಕಲು ಬಂದ.

"ಮುಟ್ಟು ನೋಡೋಣ" ಎಂದಳು ಉಳಿಯಕ್ಕ. ಕೂಗಲಿಲ್ಲ. ಗೋಣಿಯಿಂದ ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು. ಆರು ಹೆಂಗಸರೂ ಸುತ್ತಿಗೆ ಹಿಡಿದುಕೊಂಡೇ ಅವನ ಕಡೆ ತಿರುಗಿದರು. ಮೇಸ್ತ್ರಿಯ ಕೈ ವಾಪಸ್ಸು ಹೋಯಿತು.

ನಡುಮನೆ ಮುಗಿಸಿ ಅಡುಗೆಮನೆಗೆ ಹೋದಳು. ಮೂರು ಬಚ್ಚಲೂ ಒರೆಸಿದಳು. ಗೋಣಿ ಅದ್ದಿಕೊಂಡು ಮಹಡಿ ಹತ್ತಿದಳು. ಅಲ್ಲಿ ಯಾರೂ ಇನ್ನೂ ಒಂದು ಅಡಿಯನ್ನೂ ಕೊರೆದಿರಲಿಲ್ಲ. ನಾಲ್ಕು ಕೋಣೆಗಳ ಗೋಡೆಗಳನ್ನು ಒಂದೊಂದಾಗಿ ತೊಳೆದಳು. ಭುಜ ಸೆಳೆಯಿತು, ಬೆರಳ ಗೆಣ್ಣುಗಳು ಇಟ್ಟಿಗೆಗೆ ಉಜ್ಜಿ ಸಿಪ್ಪೆ ಎದ್ದವು. ಎರಡು ದಿನ ಹೊಟ್ಟೆಯಲ್ಲಿ ನೀರು ಕಟ್ಟಿಕೊಂಡು ಮಾಡಿದ ಕೆಲಸ. ಮುಕ್ಕಾಲು ಗಂಟೆಯಲ್ಲಿ ಅಳಿಸಿ ಹೋಗುತ್ತಿತ್ತು. ಅಳು ಉಕ್ಕಿ ಬಂತು. ಅಳುತ್ತಲೇ ಕೊನೆಯ ಗೆರೆಯವರೆಗೂ ಒರೆಸಿದಳು. ಕೆಂಪು ಕ್ರಾಸುಗಳನ್ನು ಮಾತ್ರ ಬಿಟ್ಟಳು.

ಮ್ಯಾನೇಜರ್ ಹಿಂದೆ ಹಿಂದೆಯೇ ಬರುತ್ತಿದ್ದರು. "ಪೊಲೀಸರನ್ನ ಕರೀತೀನಿ. ನಾಡಿದ್ದು ಪ್ಲಾಸ್ಟರಿಂಗ್‌ನವರು ಬರ್ತಾರೆ. ಏನಂದ್ಕೊಂಡಿದ್ದೀಯ ನೀನು?"

"ಕರೀರಿ ಸಾರ್. ಬಂದೋರಿಗೆ ಏನು ಹೇಳ್ತೀರಿ? ಗೋಡೆ ತೊಳೆದು ಕೊಟ್ಟಳು ಅಂತಾನಾ?"

"ಅದನ್ಯಾಕೆ ಬಿಟ್ಟೆ?" ಮೇಸ್ತ್ರಿ ಹಲ್ಲು ಕಡಿಯುತ್ತ ಕ್ರಾಸುಗಳ ಕಡೆ ಬೆರಳು ಮಾಡಿದ. "ಅದನ್ನೂ ಒರೆಸು. ಪೂರ್ತಿ ಸೇಡು ತೀರಿಸ್ಕೋ."

"ಅದು ನಿನಗಲ್ಲ ಹಾಕಿದ್ದು. ನೀರಿನ ಪೈಪು ಒಡೆದ್ರೆ ನೀನು ಇವರ ಕೂಲಿ ಹಿಡೀತೀಯ. ಅದಕ್ಕೆ ಅದು ಇರುತ್ತೆ."

ಗೋಣಿಯನ್ನು ಮೆಟ್ಟಿಲ ಕಟ್ಟೆಯ ಮೇಲೆ ಹಾಕಿ ಕೆಳಗಿಳಿದಳು. ಮನೆ ಹೋಯಿತು. ಮನೆಯ ಜೊತೆ ಕಾರ್ಡೂ ಹೋಯಿತು. ಇನ್ನು ಎರಡು ತಿಂಗಳೊಳಗೆ ಅದು ಬರೀ ಪ್ಲಾಸ್ಟಿಕ್ಕು. ಮೇಸ್ತ್ರಿಗೆ ಹೆಚ್ಚೆಂದರೆ ಒಂದೆರಡು ದಿನ ದಂಡ. ಬೇರೆ ಗೆರೆ ಹಾಕಿಸುತ್ತಾನೆ, ಇಲ್ಲ ಹಾಕಿಸದೆಯೇ ಕೊರೆಸುತ್ತಾನೆ. ಈ ವ್ಯವಸ್ಥೆಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದಳು. ಶಪಿಸಿ ಏನಾಗಬೇಕು!

ಹೆಂಗಸರೆಲ್ಲ ಖಾಲಿ ಗೋಡೆ ನೋಡುತ್ತ ನಿಂತಿದ್ದರು.

"ಏನು ಬಾಯಿ ಬಿಟ್ಕೊಂಡು ನಿಂತಿದ್ದೀರಿ?" ಮೇಸ್ತ್ರಿ ಹೆಂಗಸರ ಮೇಲೆ ರೇಗಿದ. "ಗೆರೆ ಇಲ್ದಿದ್ರೆ ಕೈ ಓಡಲ್ವಾ? ಹಿಂದೆಲ್ಲ ಯಾರು ಗೆರೆ ಹಾಕ್ಕೊಡ್ತಿದ್ರು? ಬೋರ್ಡಿಂದ ಲೈಟಿಗೆ ಅಂದಾಜಲ್ಲಿ ಹೊಡೀರಿ. ತಪ್ಪಿದ್ರೆ ಪಕ್ಕದಲ್ಲಿ ಇನ್ನೊಂದು ಹೊಡೀರಿ. ಗೋಡೆ ಏನು ಓಡಿ ಹೋಗುತ್ತಾ?"

ಉಳಿಯಕ್ಕ ಬಾಗಿಲು ದಾಟುತ್ತಿದ್ದಳು. ಹಿಂದೆ ಸುತ್ತಿಗೆಯ ಸದ್ದು ಶುರುವಾಗುತ್ತದೆ ಎಂದು ಕಾದಿದ್ದಳು. ಶುರುವಾಗಲಿಲ್ಲ.

"ಮೇಸ್ತ್ರಿ" ಎಂದಿತು ಒಂದು ದನಿ. ನಾದಿನಿಯದು. ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಅವಳು ಕುತ್ತಿಗೆಗೆ ಇಳಿಸಿಕೊಂಡಿದ್ದಳು. "ಅಂದಾಜಲ್ಲಿ ಹೊಡೆದ್ರೆ ಎಂಟುನೂರು ಅಡಿ ಆಗುತ್ತೆ."

"ಆಗ್ಲಿ, ನಿಂಗೇನು? ನಿನ್ನ ಕೂಲಿ ನಿಂಗೆ ಬರುತ್ತೆ."

"ಅದೇ ಕೇಳ್ತಿದ್ದೀನಿ. ಅಡಿಗೆಷ್ಟು?"

ಮೇಸ್ತ್ರಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ. "ಏನಂದೆ?"

"ಅಡಿಗೆಷ್ಟು ಕೊಡ್ತೀಯ ಅಂದೆ."

ಆರು ಜನರಲ್ಲಿ ಎಲ್ಲರಿಗಿಂತ ಹಿರಿಯವಳು, ಒಂದು ಕಣ್ಣು ಇಟ್ಟಿಗೆ ಚೂರು ಹಾರಿ ಮಂಜಾದವಳು, ಉಳಿಯನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ಕೂತಳು. "ಹೌದಪ್ಪಾ, ಹೇಳು" ಎಂದಳು. "ಅಡಿಗೆಷ್ಟು?"

ಮೇಸ್ತ್ರಿ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರ್ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದು ನೋಡಿದರು. ಇಬ್ಬರಿಗೂ ಪಾಯಿಂಟಿನ ರೇಟು ಬಾಯಿಪಾಠ ಇತ್ತು. ಉಳಿಯಕ್ಕ ಬಾಗಿಲಲ್ಲೇ ನಿಂತಳು. ಒಳಗೆ ಒಂದು ಸುತ್ತಿಗೆಯೂ ಮೇಲೇಳಲಿಲ್ಲ.